ಅಂಗುಸ್ತಿಯಾಸ್ ಗುಡ್ಡ ಹತ್ತಿದ ಭಾನುವಾರ

ಗ್ರನಾಡಾ ಊರಿನ ಗುಡ್ಡದ ಮೇಲಿರುವ ಅಲ್ಹಂಬ್ರಾ ಅರಮನೆಯ ಕೊಳದಂಗಳದಲ್ಲಿ, ನೀರಿನ ಎರಡೂ ಬದಿಗೆ ಸೊಂಟಮಟ್ಟ ಬೆಳೆದ ಅರ್ರಯಾನ್ ಗಿಡದ ಬೇಲಿಯನ್ನು ಮೂವತ್ತಾರು ವರ್ಷ ಕತ್ತರಿಸಿದ ಮಾಲಿ ಸೆರಾಫಿನ್‌ಗೆ ಲೋಕದವರ ಹೊಗಳಿಕೆಯೇನೂ ಬೇಕಿರಲಿಲ್ಲ. ಅದು ದಿನಾ ಹತ್ತು ಭಾಷೆಯಲ್ಲಿ ಸಿಗುತ್ತಿತ್ತು. ಬೇಕಾಗಿದ್ದದ್ದು ಹೆಂಡತಿ ಅಂಗುಸ್ತಿಯಾಸಳ ಒಂದೇ ಒಂದು ಮಾತು. ಆ ಮಹಾತಾಯಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ!

ಗ್ರನಾಡಾದವರೇ ಹಾಗೆ ಬಿಡಿ. ಊರವರಿಗೆ ಭಾನುವಾರ ಬಿಟ್ಟಿ ಪ್ರವೇಶ. ಬಿಟ್ಟಿ ಸಿಗುವುದಕ್ಕೆ ಅವಸರವೇನು? ಏಳುನೂರು ವರ್ಷದಿಂದ ಅಲ್ಲೇ ಇರುವ ಅರಮನೆ ಮುಂದಿನ ವಾರ ಎಲ್ಲಿಗೆ ಓಡಿಹೋದೀತು?

“ದಿನಾ ಅಡುಗೆಮನೆ ಕಿಟಕೀಲಿ ನೋಡ್ತೀನಲ್ಲ, ಹತ್ತಿ ಬೇರೆ ಸಾಯಬೇಕಾ?” ಎನ್ನುವಳು ಅಂಗುಸ್ತಿಯಾಸ್.

“ಕಿಟಕೀಲಿ ಕಾಣೋದು ಗೋಡೆ ಕಣೇ. ಬೇಲಿ ಒಳಗಿದೆ.”

“ಬೇಲಿ ತಾನೇ? ಕತ್ತೆ ನುಗ್ಗದ ಹಾಗೆ ನಮ್ಮಪ್ಪನೂ ಹಾಕಿದ್ದ, ನೋಡಿದೀನಿ.”

ಸೋಮವಾರದಿಂದ ಸೆರಾಫಿನ್ ನಿವೃತ್ತ. ಕೊನೆಯ ವಾರ ಅವನು ಮುಖ ಊದಿಸಿಕೊಂಡು ಕೂತ. ಹಸಿ ಕಾಳು, ಹಂದಿಯ ಒಣಮಾಂಸ ಹಾಕಿ ಹುರಿದ ಪಲ್ಯಕ್ಕೆ ಉಪ್ಪು ಸಾಲದೆಂದು ಜಗಳವನ್ನೂ ತೆಗೆಯಲಿಲ್ಲ. ಅದಕ್ಕೆ ಅವಳು ನಿಜವಾಗಿ ಹೆದರಿದಳು. ಭಾನುವಾರ ಚರ್ಚಿಗೆ ಹೋಗುವ ಬೂಟು ಮೆಟ್ಟಿ ಹೊರಟೇಬಿಟ್ಟಳು.

ಸೆರಾಫಿನ್ ತನ್ನ ಬೇಲಿಯನ್ನು ಕೊನೆಗೆ ಇಟ್ಟುಕೊಂಡ. ಮೊದಲು ಮೇಲಿನ ತೋಟಕ್ಕೆ ಕರೆದೊಯ್ದ. ಅಲ್ಲಿ ಮೆಟ್ಟಿಲ ಪಕ್ಕದ ಮೋಟುಗೋಡೆಯ ಮೇಲೇ ನೀರು ಹರಿಯುತ್ತದೆ. ಅವಳು ಕರವಸ್ತ್ರ ಅದ್ದಿ ತಲೆಗೆ ಹಾಕಿಕೊಂಡಳು. “ಈ ಏರು ಹತ್ತಿ ಇದನ್ನ ಕಟ್ಟಿಸಿದ ಸುಲ್ತಾನನಿಗೂ ಜೀವ ಬಾಯಿಗೆ ಬಂದಿರಬೇಕು, ಪಾಪ.”

ಆಮೇಲೆ ಕಲ್ಲಿನ ಸಿಂಹಗಳ ಅಂಗಳ. ಜನ ಉಸಿರು ಬಿಗಿಹಿಡಿದು ನಿಂತಿದ್ದರು. “ಇವು ಸಿಂಹಾನಾ? ಹಲ್ಲುನೋವು ಬಂದ ನಾಯಿ ಥರ ಇವೆಯಲ್ಲೋ!” ಎಂದಳು, ಎಲ್ಲರಿಗೂ ಕೇಳುವ ಹಾಗೆ. ಸೆರಾಫಿನ್ ಅವಳ ತೋಳು ಹಿಡಿದು ಬೇಗ ಬೇಗ ಹೊರಡಿಸಿದ. ಕಲ್ಲಿನ ಸಿಂಹಕ್ಕೇ ಈ ಗತಿಯಾದರೆ ತನ್ನ ಗಿಡಕ್ಕೇನು ಉಳಿದೀತು?

ಕೊಳದಂಗಳಕ್ಕೆ ಬಂದದ್ದೇ ಅಂಗುಸ್ತಿಯಾಸ್ ನೆಟ್ಟಗೆ ಬೇಲಿಯ ಕಡೆಗೇ ನಡೆದಳು. ಅವಳು ದರ್ಜಿ, ಮದುವೆ ಲಂಗದ ಅಂಚು ಮಡಿಸುವುದರಲ್ಲಿ ಆ ಕೇರಿಯಲ್ಲೇ ಅವಳನ್ನು ಮೀರಿಸಿದವರಿಲ್ಲ, ತಪ್ಪು ಹಿಡಿಯುವುದರಲ್ಲೂ. ಬೇಲಿಯ ತುದಿಯಲ್ಲಿ ಬಗ್ಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದಳು. ಆಚೆ ಬದಿಗೆ ಹೋಗಿ ಮತ್ತೆ ಬಗ್ಗಿದಳು. ಪಕ್ಕದಲ್ಲಿ ಯಾರೋ ಅವಳದೇ ಫೋಟೊ ತೆಗೆದರು.

“ಇಲ್ಲಿ ಒಂದು ಬೆರಳು ಏರಿದೆ,” ಎಂದಳು.

“ನೆಲ ಏರಿದೆ ಅಲ್ಲಿ! ಬೇಲಿ ಅಲ್ಲ!”

ಅವಳು ಕೈಚೀಲದಿಂದ ಅಳತೆಪಟ್ಟಿ ತೆಗೆದು ಹಿಡಿದಳು. ಬೇಲಿಯೇ ಏರಿತ್ತು. ಸೆರಾಫಿನ್ ತಲೆ ತಗ್ಗಿಸಿದ. ಮೂವತ್ತಾರು ವರ್ಷ ಕಾದದ್ದು ಇದಕ್ಕಾ?

“ನಾಳೆಯಿಂದ ಇದನ್ನ ಯಾರು ಮುಟ್ತಾರೆ?” ಎಂದಳು ಅಂಗುಸ್ತಿಯಾಸ್.

“ಯಾರೋ ಹೊಸಬ. ಮೆಷಿನ್ ಇಟ್ಟು ಕತ್ತರಿಸ್ತಾನಂತೆ.”

“ಮೆಷಿನ್ನಾ? ಇದಕ್ಕಾ?” ಅವಳು ಬೇಲಿಯ ಮೇಲೆ ಕೈಯಿಟ್ಟಳು. “ಇಷ್ಟುದ್ದ ಅಂಚು, ಒಂದೇ ಒಂದು ಬೆರಳು ತಪ್ಪು! ನನ್ನ ಕೈಲೂ ಆಗಲ್ಲ ಕಣೋ. ಆ ಮುಂಡೇಮಗ ಹಾಳು ಮಾಡಿಬಿಡ್ತಾನೆ. ಭಾನುವಾರ ಭಾನುವಾರ ಬಂದು ಅಳೀತೀನಿ ಅಂತ ಹೇಳು ಅವನಿಗೆ!” ಎಂದು ಅಷ್ಟು ಜನರೆದುರು ಗೊಳೋ ಎಂದು ಅತ್ತಳು.

ಕಟ್ಟಿಕೊಂಡ ಹೆಂಡತಿ ಅಳುತ್ತಿದ್ದರೆ ಸೆರಾಫಿನ್‌ಗೆ ಸ್ವರ್ಗ ಮೂರೇ ಗೇಣು.

“ಹಲ್ಲು ಯಾಕೆ ಕಿಸೀತೀಯಾ? ಕತ್ತರಿ ತಗೊಂಡ್ ಬಾ, ಇದನ್ನ ಸರಿ ಮಾಡಿ ಹೋಗೋಣ.”

ಅರವತ್ತೈದರ ಮುದುಕ ಓಡಿಹೋಗಿ ತಂದ.