ನೀಲಮ್ಮನ ಒಡಪು

ಮಟಕಿ ಎಂಬ ಹಳ್ಳಿಯ ಮಹಿಳಾ ಸಂಘದವರಿಗೆ ಕವಿತೆ ಕಟ್ಟುವುದನ್ನು ಹೇಳಿಕೊಡಲು ನನ್ನನ್ನು ಕಳಿಸಿದ್ದರು. "ಹೆದರಬೇಡಿ, ಅದು ನಿಮ್ಮೊಳಗೇ ಇದೆ" ಎಂದು ಒಂದು ತಾಸು ಹೇಳಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯಾರ ಬಾಯಿಂದಲೂ ಒಂದು ಸಾಲು ಹೊರಡಲಿಲ್ಲ.

"ನಮಗ ಅದೆಲ್ಲ ಬರಂಗಿಲ್ರಿ ಮೇಡಂ" ಎಂದು ಮುಂದೆ ಕೂತಿದ್ದ ನೀಲಮ್ಮ ಎದ್ದೇಬಿಟ್ಟಳು. ಹಿಂದೆಯೇ ಉಳಿದವರೂ ಎದ್ದರು.

ಹಾಜರಿಯನ್ನಾದರೂ ಬರೆದುಕೊಳ್ಳೋಣವೆಂದು ಅವಳ ಗಂಡನ ಹೆಸರು ಕೇಳಿದೆ. ನೀಲಮ್ಮ ನಾಚಿದಳು. ಅಲ್ಲಿ ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ, ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. "ಹೇಳ ಬೇ" ಎಂದು ಗೆಳತಿಯರು ತಿವಿದರು. ಅವಳು ನಿಂತ ಫ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು.

"ಕರೆಂಟ್ ಹೋಗ್ಯಾದ, ಫ್ಯಾನ್ ನಿಂತಾದ, ಮೇಡಂ ಮಾರಿ ಬೆವತಾದ,
ಶರಣಪ್ಪನ ಹೆಸರು ಹೇಳಂದ್ರ ನನ್ನ ಮಾರಿ ಕೆಂಪಾಗ್ಯಾದ."

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇದನ್ನ ಯಾರು ಕಲಿಸಿದ್ರು?" ಎಂದೆ.

"ಯಾರ್ ಕಲಸ್ತಾರ್ರಿ, ಈಗ ಬಾಯಿಗಿ ಬಂತು."

"ಇದೇ ಕವಿತೆ ಅಲ್ವಾ, ನೀಲಮ್ಮ?"

"ಏ, ಇದು ಕವಿತಾ ಅಲ್ರಿ, ನಮ್ಮನಿಯವರ ಹೆಸರು."

ಎದ್ದವರೆಲ್ಲ ಮತ್ತೆ ಕೂತರು. ಗಂಡಂದಿರ ಹೆಸರು ಮುಗಿದ ಮೇಲೆ ಎಮ್ಮೆಯ ಮೇಲೆ, ಅತ್ತೆಯ ಮೇಲೆ, ಬಾರದ ಬಸ್ಸಿನ ಮೇಲೂ ಒಡಪು ಹುಟ್ಟಿದವು. ಕವಿತೆ ಎಂಬ ಶಬ್ದವನ್ನು ನಾನು ಮತ್ತೆ ಎತ್ತಲಿಲ್ಲ.

ನಾನು ಹೊರಡುವಾಗ ಎಲ್ಲರೂ ಬಾಗಿಲಲ್ಲಿ ಅಡ್ಡ ನಿಂತು, ನನ್ನ ಗಂಡನ ಹೆಸರು ಹೇಳಿಯೇ ಹೋಗಬೇಕೆಂದರು.

"ಸುರೇಶ" ಎಂದೆ.

"ಬರೇ ಹೆಸರೇನ್ರಿ?"

ಎಷ್ಟು ತಡಕಾಡಿದರೂ ಮುಂದಿನ ಮಾತು ಹೊಳೆಯಲಿಲ್ಲ. ನೀಲಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಧೈರ್ಯ ಹೇಳಿದಳು: "ಹೆದರಬ್ಯಾಡ್ರಿ ಮೇಡಂ, ನಿಮ್ಮೊಳಗೂ ಇರ್ತದ."