ಮೂರನೇ ಮಹಡಿಯ ಉಮೇದುವಾರಳು
ಕಾಲೇಜು ಸೇರಿ ಎರಡೇ ತಿಂಗಳಿಗೆ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತವಳು ಇವಳು. ಬೆಳಿಗ್ಗೆ ಎಂಟಕ್ಕೇ ತರಗತಿಯ ಬಾಗಿಲಲ್ಲಿ ಹಾಜರು. ಒಳಗೆ ಹೋಗುವವರಿಗೆಲ್ಲ ಅಡ್ಡ ನಿಂತು, "ಮೂರನೇ ಮಹಡಿಗೆ ಕುಡಿಯೋ ನೀರಿನ ನಲ್ಲಿ ಹಾಕಿಸ್ತೀನಿ ಕಣ್ರೋ, ವೋಟು ಮಾತ್ರ ನಂಗೇ!" ಎನ್ನುತ್ತಾಳೆ. ವೋಟೇ ಇಲ್ಲದ ಕಾವಲುಗಾರನಿಗೂ ಅದೇ ಭಾಷಣ, ಪಾಠಕ್ಕೆ ಬಂದ ಮೇಷ್ಟ್ರಿಗೂ ಅದೇ ಪ್ರಚಾರದ ಚೀಟಿ. ನೂರಿಪ್ಪತ್ತು ಜನರ ಹೆಸರು, ಕೂರುವ ಬೆಂಚು, ಯಾರಿಗೆ ನೆಗಡಿ, ಎಲ್ಲವೂ ಬಾಯಿಪಾಠ. ಕೊನೆಗೆ ಹನ್ನೊಂದು ವೋಟು ಬಿದ್ದು ಸೋತಳು. ಮರುದಿನವೂ ಎಂಟಕ್ಕೇ ಬಾಗಿಲಲ್ಲಿ ನಿಂತಿದ್ದಳು. ಚುನಾವಣೆಗೆ ಮುಂಚೆ ಅವಳನ್ನು ಯಾರೂ ಮಾತಾಡಿಸಿದವರಲ್ಲ. ಈಗ ಯಾರನ್ನಾದರೂ ಮಾತಾಡಿಸಲು ಅವಳಿಗೆ ನೆಪವೂ ಉಳಿದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನ ನೆಗಡಿಯವನು ಮೂಗೊರೆಸಿಕೊಳ್ಳುತ್ತ ಎದುರು ನಿಂತ: "ಏನಮ್ಮಾ ಲೀಡರು, ನಲ್ಲಿ ಕೆಲಸ ಎಲ್ಲಿಗೆ ಬಂತು?"