ಖಾಲಿ ಹಾಳೆಯ ಕೆಳಗಿನ ಸಹಿ

ನೆಟ್‌ಬಾಲ್ ಸಂಘದ ಕಾರ್ಯದರ್ಶಿಗೆ ನೆಟ್‌ಬಾಲ್ ಗೊತ್ತಿರಬೇಕೆಂದು ಎಲ್ಲೂ ಬರೆದಿಲ್ಲ. ಆಟದಲ್ಲಿ ಚೆಂಡು ಹಿಡಿದವರು ಮೂರು ಸೆಕೆಂಡಿನೊಳಗೆ ಅದನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಹನ್ನೊಂದು ವರ್ಷದಿಂದ ಕುರ್ಚಿ ಹಿಡಿದು ಕೂತವರಿಗೆ ಅಂಥ ಕಾಟವಿಲ್ಲ.

ಆಟ ಗೊತ್ತಿದ್ದವಳು ಕಂಬಕ್ಕ. ಗೋಲು ಕಂಬದ ಬುಡದಲ್ಲಿ ನಿಂತು ಒಂಬತ್ತು ವರ್ಷ ದೇಶಕ್ಕೆ ಆಡಿದ್ದರಿಂದ ಬಂದ ಹೆಸರು ಅದು. ಬಲಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದಳು. ಕೋಚ್ ಅಂದರೆ ಬೆಳಗ್ಗೆ ಐದೂವರೆಗೆ ವಾಚ್‌ಮನ್‌ನನ್ನು ಎಬ್ಬಿಸಿ ಗೇಟು ತೆಗೆಸುವುದು, ಹುಡುಗಿಯರು ಅಂಗಿಯ ಮೇಲೆ ತೊಡುವ ಹರಿದ ಬಿಬ್‌ಗಳನ್ನು ಮನೆಗೆ ಒಯ್ದು ಹೊಲಿಯುವುದು. ಟ್ರಯಲ್ಸ್ ನಡೆಯುವ ಮುಂಚೆಯೇ ಆಯ್ಕೆಪಟ್ಟಿಯ ಖಾಲಿ ಹಾಳೆಗೆ ಸಹಿ ಹಾಕುವುದು.

"ಕೆಳಗೊಂದು ಸಹಿ ಹಾಕಿಟ್ಟಿರಿ ಮೇಡಂ. ಸಂಜೆ ನೀವು ಫೋನಲ್ಲಿ ಹೆಸರು ಹೇಳಿ, ನಾನು ಟೈಪ್ ಮಾಡಿಸಿ ಕಳಿಸ್ತೀನಿ" ಎಂದಿದ್ದರು ಕಾರ್ಯದರ್ಶಿ. ಆರು ವರ್ಷ ಹಾಕಿದಳು. ಕಳಿಸಿದ ಪಟ್ಟಿ ತೋರಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ರಾಷ್ಟ್ರೀಯ ಶಿಬಿರಕ್ಕೆ ಕರೆ ಬಾರದ ಹುಡುಗಿಯರನ್ನು ಮೇಲಿನವರೇ ಕೈಬಿಟ್ಟರೆಂದು ನಂಬಿದಳು, ನಂಬಿಸಿದಳು.

ಈ ವರ್ಷ ಪಟ್ಟಿಯನ್ನು ಕಚೇರಿ ಬಾಗಿಲಿಗೂ ಅಂಟಿಸಬೇಕೆಂದು ಆದೇಶ ಬಂತು. ಅದರಲ್ಲಿ, ಜಿಗಿತಕ್ಕಾಗಿ ಎಲ್ಲರೂ ಸ್ಪ್ರಿಂಗು ಎನ್ನುತ್ತಿದ್ದವಳ ಹೆಸರಿರಲಿಲ್ಲ. ಟ್ರಯಲ್ಸ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ್ದ, ವಯಸ್ಸಿನ ಮಿತಿಯ ಕೊನೆಯ ವರ್ಷದಲ್ಲಿದ್ದ ಹುಡುಗಿ. ಅವಳ ಜಾಗದಲ್ಲಿ ಕಾರ್ಯದರ್ಶಿಯ ತಂಗಿಯ ಮಗಳ ಹೆಸರಿತ್ತು.

"ಮಿಸ್, ಇದು ನಿಮ್ಮ ಸಹಿನೇ ಅಲ್ವಾ?" ಎಂದಳು ಸ್ಪ್ರಿಂಗು.

"ಹೌದು."

"ಮತ್ತೆ ನಿನ್ನೆ ಟ್ರಯಲ್ಸಲ್ಲಿ ನನ್ನ ಬೆನ್ನು ತಟ್ಟಿದ್ದು ಯಾಕೆ?"

ಕಂಬಕ್ಕ ಸೀದಾ ಒಳಗೆ ಹೋದಳು.

"ನನ್ನ ತಂಗಿ ಮಗಳೂ ಎತ್ತರ ಇದಾಳಲ್ಲ ಮೇಡಂ" ಎಂದರು ಕಾರ್ಯದರ್ಶಿ.

"ಅವಳು ಚೆಂಡನ್ನ ನೆಲಕ್ಕೆ ಕುಟ್ಕೊಂಡು ಓಡ್ತಾಳೆ ಸಾರ್. ಅದು ಬ್ಯಾಸ್ಕೆಟ್‌ಬಾಲ್, ಬೇರೆ ಆಟ."

"ಕಲಿಸಿ. ನಿಮ್ಮನ್ನ ಇಟ್ಕೊಂಡಿರೋದು ಮತ್ಯಾಕೆ?"

ಮನೆಯಲ್ಲಿ ಬಸ್ ಚಾಲಕನಾದ ಗಂಡ ಎಚ್ಚರಿಸಿದ: "ದೂರು ಬರೆದ್ರೆ ಮೊದಲು ಇಳಿಸೋದು ನಿನ್ನನ್ನೇ, ನೋಡ್ತಿರು."

"ನೀವು ಬಸ್ಸಿಗೆ ಬ್ರೇಕ್ ಹಾಕಿ, ನನಗೆ ಬೇಡ."

ಬರೆದಳು. ಆರು ವರ್ಷ ಖಾಲಿ ಹಾಳೆಗಳಿಗೆ ತಾನು ಹಾಕಿದ ಸಹಿಯನ್ನೂ ಸೇರಿಸಿಯೇ ರಾಷ್ಟ್ರೀಯ ಸಂಘಕ್ಕೆ ಬರೆದಳು. ಪಟ್ಟಿ ರದ್ದಾಯಿತು, ಎಲ್ಲರೆದುರು ಮತ್ತೆ ಟ್ರಯಲ್ಸ್ ನಡೆಯಿತು, ಸ್ಪ್ರಿಂಗು ಆಯ್ಕೆಯಾದಳು. ಖಾಲಿ ಹಾಳೆಗೆ ಸಹಿ ಹಾಕಿದ ಬೇಜವಾಬ್ದಾರಿಗಾಗಿ ಕಂಬಕ್ಕನನ್ನು ತೆಗೆದುಹಾಕಿದರು. ಆ ಹಾಳೆಗಳನ್ನು ಮುಂದೆ ಒಡ್ಡಿದ ಕೈಗೆ ಒಂದು ನೋಟಿಸೂ ಹೋಗಲಿಲ್ಲ. ವಜಾ ಪತ್ರಕ್ಕೆ ಸಹಿ ಹಾಕಿದ್ದು ಅದೇ ಕೈ. ಇದಕ್ಕೆ ಶಿಸ್ತು ಕ್ರಮ ಎಂದು ಹೆಸರು. ನಾಚಿಕೆ ಎಂಬುದು ಆ ಕಚೇರಿಯ ಹೊಸಿಲು ತುಳಿದಿದ್ದರೆ ತಾನೇ?

ಥ್ಯಾಂಕ್ಸ್ ಹೇಳಲು ಸ್ಪ್ರಿಂಗು ಮನೆಗೆ ಬಂದಳು.

"ನನಗ್ಯಾಕೆ ಥ್ಯಾಂಕ್ಸು? ನಿನಗಿಂತ ಮುಂಚೆ ಎಷ್ಟು ಜನರ ಹೆಸರು ಹೀಗೆ ಹೋಯ್ತೋ, ನಾನು ಕೇಳಲೇ ಇಲ್ಲ."

ಹುಡುಗಿ ಬಾಗಿಲಲ್ಲೇ ನಿಂತಳು. "ಎರಡು ವರ್ಷದ ಹಿಂದೆ ನಮ್ಮಕ್ಕನೂ ಟ್ರಯಲ್ಸಲ್ಲಿ ಚೆನ್ನಾಗೇ ಆಡಿದ್ಲಲ್ಲ ಮಿಸ್. ತನ್ನ ಆಟ ಸಾಲ್ಲಿಲ್ಲ ಅಂತ ಇನ್ನೂ ಅಂದ್ಕೊಂಡಿದಾಳೆ. ನೀವೇ ಬಂದು ಹೇಳ್ತೀರಾ?"

ಕಂಬಕ್ಕ ಚಪ್ಪಲಿ ಮೆಟ್ಟಿಕೊಂಡಳು.